ಹಣೆಯ ಮೇಣ, ಬಂದೂಕಿನ ಗುಂಡು

ನನ್ನ ತವರು ಮಡಕಶಿರದ ಕಡೆ, ಗುಡಿಬಂಡೆಯ ಹತ್ತಿರ. ಮದುವೆಯಾಗಿ ಬಂದದ್ದು ರಾಯದುರ್ಗದ ಕಡೆಗೆ. ತವರಿನಿಂದ ತಂದ ಸಾಮಾನಿನಲ್ಲಿ ಇವತ್ತಿಗೂ ದಿನಾ ಕೈಗೆ ಬರುವುದು ಒಂದು ಹಿತ್ತಾಳೆಯ ಮೇಣದ ಬಟ್ಟಲು. ಹಣೆಗೆ ಚೂರು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುವುದು ನಮ್ಮಮ್ಮನಿಂದ ಬಂದ ರೂಢಿ. ಸ್ಟಿಕ್ಕರ್ ಬಂದ ಮೇಲೂ ಅದನ್ನು ಬಿಡದವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ. ಆ ಬಟ್ಟಲು ನಮ್ಮ ಮಾವನವರ ಬಂದೂಕನ್ನು ಉಳಿಸಿತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ದೇವರು ದೊಡ್ಡ ಉಪಕಾರಗಳನ್ನು ದೊಡ್ಡವರಿಗೆ ಮಾಡುತ್ತಾನೆ, ನನ್ನಂಥವಳಿಗೆ ಬಟ್ಟಲಿನಲ್ಲಿ ಹಿಡಿಯುವಷ್ಟು ಕೊಡುತ್ತಾನೆ.

ಬಂದೂಕು ಹಳೆಯದು, ನಳಿಗೆಯ ಬಾಯಿಂದಲೇ ಮದ್ದು ತುಂಬುವಂಥದ್ದು. ಬೆಳೆ ಕಾಯಲೆಂದು ಮಾವನವರ ತಂದೆಯ ಕಾಲದಿಂದಲೂ ಲೈಸೆನ್ಸು ಇದೆ. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ತರಬೇಕು. ತಂದ ದಿನ ಮಾವನವರು ಊರಿನಿಂದ ಬಂದ ಮಗನನ್ನು ಸವರುವ ಹಾಗೆ ಅದನ್ನು ಸವರುತ್ತಾರೆ. ಗುಂಡನ್ನೂ ಅವರೇ ಎರೆಯುತ್ತಾರೆ. ಹಿತ್ತಲಲ್ಲಿ ಕಲ್ಲು ಹೂಡಿ ಸೀಸ ಕರಗಿಸಿ, ಕಬ್ಬಿಣದ ಅಚ್ಚಿಗೆ ಹೊಯ್ದು, ಆರಿದ ಗುಂಡಿಗೆ ಅಂಟಿ ಉಳಿದ ಸೀಸದ ಬಾಲವನ್ನು ಕತ್ತರಿಸಿ, ಅಂಗೈಯಲ್ಲಿ ಉರುಳಿಸಿ ನೋಡುತ್ತಾರೆ. ಆಮೇಲೆ ಕುರಿಯ ಕೊಬ್ಬಿಗೆ ಎಣ್ಣೆ ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ ಮದ್ದಿನ ಮೇಲೆ ಇಳಿಸುವುದು. ಜಿಡ್ಡಿದ್ದರೆ ಗುಂಡು ಸಲೀಸಾಗಿ ಜಾರುತ್ತದೆ. ಆ ಕೊಬ್ಬನ್ನು ನನ್ನ ಒಲೆಯ ಮೇಲೆ ಇಡಲು ನಾನು ಬಿಟ್ಟವಳಲ್ಲ.

ಆ ವರ್ಷ ಬೋರಿನ ನೀರಿಗೆ ಬೇಸಿಗೆ ಶೇಂಗಾ ಹಾಕಿದ್ದೆವು. ಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿದವು. ಬಿತ್ತಿದ ಸಾಲನ್ನೇ ಹಿಡಿದು ಅಗೆದುಕೊಂಡು ಹೋಗುತ್ತಿದ್ದವು. ಫಾರೆಸ್ಟ್ ಆಫೀಸಿನ ಅನುಮತಿ ಪಡೆದು ಮಾವನವರು ಹೊಲದ ಗುಡಿಸಲಲ್ಲಿ ಕಾದರು. ಸಂಜೆ ಹಂದಿಗಳು ಬಂದವು. ಬಂದೂಕಿನ ಕುದುರೆ ಎಳೆದರೆ ಗುಂಡು ಹಾರಲಿಲ್ಲ, ಟಪ್ ಎಂದು ಸುಮ್ಮನಾಯಿತು. ಮರುಸಂಜೆಯೂ ಅದೇ ಕಥೆ. ಹಂದಿಗಳು ತಲೆಯೆತ್ತಿ ನೋಡಿ, ಮತ್ತೆ ಶೇಂಗಾಕ್ಕೆ ಬಾಯಿ ಹಾಕಿದವಂತೆ.

ಅತ್ತೆ ದೃಷ್ಟಿಯೆಂದು ನಳಿಗೆಗೆ ನಿಂಬೆಹಣ್ಣು ಕಟ್ಟಿದರು. ನನ್ನ ಗಂಡ ಊಟದ ಹೊತ್ತಿಗೆ ಮಾತು ತೆಗೆದರು.

"ಅಪ್ಪಾ, ನಿನ್ನ ಕೈ ನಡುಗ್ತಾವ. ಮದ್ದು ತುಂಬೋದು ಸರಿ ಆಗವಲ್ದು. ಸಾಕು ಬಿಡು, ಕಾಯಂ ಸ್ಟೇಷನ್ನಿಗೆ ಕೊಟ್ಟು ಬರೋಣು."

ಮಾವನವರು ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. "ಇನ್ನೊಂದು ಸಂಜಿ ನೋಡ್ತೀನಿ. ಆಗ್ಲಿಲ್ಲಂದ್ರ ನಾನ ಹೊತ್ಕೊಂಡು ಹೋಗಿ ಕೊಡ್ತೀನಿ." ಅಷ್ಟು ಹೇಳಿ ತಟ್ಟೆಯಲ್ಲೇ ಕೈ ತೊಳೆದರು. ಎರಡನೇ ರೊಟ್ಟಿ ಕೇಳಲಿಲ್ಲ. ಶೇಂಗಾ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಬೆಳಿಗ್ಗೆ ಅಂಗಳದಲ್ಲಿ ಅವರು ಸಿಡಿಯದ ಗುಂಡನ್ನೂ ಮದ್ದನ್ನೂ ಹೊರಗೆ ತೆಗೆದು ಕಾಗದದ ಮೇಲೆ ಸುರಿದರು. ನಾನು ಕಸ ಗುಡಿಸುತ್ತಿದ್ದೆ. ಮದ್ದು ಪುಡಿಯಾಗಿ ಬೀಳಬೇಕಾದದ್ದು ಮುದ್ದೆಯಾಗಿ ಬಿತ್ತು. ನೀರು ತಾಗಿತೇ ಎಂದು ಕೇಳಿದೆ.

"ಈ ಬಿಸಿಲಾಗ ನೀರೆಲ್ಲಿಂದ ಬರ್ತೈತಿ ತಂಗೀ?"

ಕಾಗದ ಎಣ್ಣೆ ಕುಡಿದು ಕಲೆಯಾಗಿತ್ತು. ನನಗೆ ನನ್ನ ಹಣೆ ನೆನಪಾಯಿತು. ಮದುವೆಯಾದ ಮೊದಲ ಬೇಸಿಗೆ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿದ್ದೆವು. ಸಾಲಿನಲ್ಲಿ ನಿಂತಿದ್ದಾಗ ಮೇಣ ಕರಗಿ, ಕುಂಕುಮ ಮೂಗಿನ ಮೇಲೆ ಹರಿದಿತ್ತು. "ಯಾರ ಕೂಡ ಬಡದಾಡಿ ಬಂದೀ ಅಂತ ಕೇಳ್ತಾರ, ಒರಸ್ಕೊ," ಎಂದು ಅತ್ತೆ ಸೆರಗು ಕೊಟ್ಟಿದ್ದರು. ಅಮ್ಮನಿಗೆ ಫೋನು ಮಾಡಿದಾಗ, "ನಮ್ಮೂರ ಬಿಸಿಲಿನ ಹದ ಅಲ್ಲಿಗೆ ನಡಿಯಲ್ಲ ಕಣೆ. ಮೇಣಕ್ಕೆ ಕೊಬ್ಬರಿ ಎಣ್ಣೆ ಹಾಕ್ಬೇಡ, ಜೇನುಮೇಣ ಜಾಸ್ತಿ ಹಾಕು, ಹರಳೆಣ್ಣೆ ಒಂಚೂರು ಸೇರಿಸು," ಎಂದಿದ್ದಳು. ಅಂದಿನಿಂದ ನನ್ನ ಕುಂಕುಮ ಕದಲಿಲ್ಲ.

"ಮಾವಾ, ನಿಮ್ಮ ಕೈದೇನೂ ತಪ್ಪಿಲ್ಲ. ಕೊಬ್ಬು ಕರಗಿ ಮದ್ದಿಗೆ ಇಳಿದೈತೆ," ಎಂದೆ.

"ನಮ್ಮಪ್ಪನ ಕಾಲದಿಂದ ಕೊಬ್ಬ ಹಚ್ಚೀವಿ."

"ಅವರ ಕಾಲದಾಗೆ ಗುಡಿಸಲಿಗೆ ತಗಡು ಇತ್ತೇನ್ರಿ?"

ಆ ವರ್ಷವೇ ಹುಲ್ಲು ತೆಗೆಸಿ ತಗಡು ಹೊದಿಸಿದ್ದೆವು. ಮಧ್ಯಾಹ್ನ ತುಂಬಿದ ಬಂದೂಕು ಸಂಜೆಯವರೆಗೆ ಆ ಕಾವಿನಲ್ಲೇ ಇರುತ್ತಿತ್ತು. ಮಾವನವರು ಹೊಲದ ಕಡೆ ನೋಡಿದರು, ಕಾಗದದ ಕಡೆ ನೋಡಿದರು. "ಮಾಡು ಹಂಗಾರ ನಿನ್ನ ಮೇಣ," ಎಂದರು.

ಅಡ್ಡ ಬಂದವರು ಅತ್ತೆ. "ಹಣಿಗೆ ಇಡೋದನ್ನ ಗುಂಡಿಗೆ ಹಚ್ತೀಯಾ? ಮುತ್ತೈದಿ ನೀನು."

ಆ ಮಾತು ನನಗೂ ತಾಗಿತು. ಅವತ್ತು ಶನಿವಾರ. ಬಟ್ಟಲನ್ನು ಆಂಜನೇಯನ ಪಟದ ಮುಂದಿಟ್ಟು ಸ್ವಲ್ಪ ಹೊತ್ತು ಕೂತೆ. ನೀನೂ ಗದೆ ಹಿಡಿದವನೇ, ಯಾಕೆ ಹಿಡಿದೆಯೆಂದು ನಿನಗೆ ಗೊತ್ತು, ನಾವು ಯಾಕೆ ಹಿಡಿದಿದ್ದೇವೆಂದೂ ಗೊತ್ತು ಎಂದೆ. ಮರಿ ಇರುವ ತಾಯಿಗೆ ಏಟು ಬೀಳದಿರಲಿ ಎಂದೂ ಬೇಡಿಕೊಂಡೆ. ಮನಸ್ಸು ಹಗುರಾಯಿತು. ನನ್ನ ಒಲೆಯ ಮೇಲೇ ಹೊಸ ಮೇಣ ಕಾಸಿದೆ. ಅದು ಬಿಗಿಯಾದ ಮೇಲೆ ಬಟ್ಟೆಯ ಚೂರುಗಳಿಗೆ ತಿಕ್ಕಿ ಕೊಟ್ಟೆ.

ಸಂಜೆ ದೇವರ ದೀಪ ಹಚ್ಚಿ ಕಡ್ಡಿ ಆರಿಸುತ್ತಿದ್ದೆ. ಢಂ ಎಂದಿತು. ಸ್ಟ್ಯಾಂಡಿನ ತಟ್ಟೆಗಳು ನಡುಗಿದವು, ಕರು ಹಗ್ಗ ಕಿತ್ತುಕೊಂಡಿತು. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಬಿಟ್ಟು ಎದ್ದು ನಿಂತರು. ಗಂಡ ಚಪ್ಪಲಿ ಮೆಟ್ಟದೆ ಹೊಲಕ್ಕೆ ಓಡಿದರು. ನಾನು ದೀಪದ ಮುಂದೆ ನಿಂತಲ್ಲೇ ಕೈ ಮುಗಿದೆ.

ಅಪ್ಪ ಮಗ ಇಬ್ಬರೂ ಜೊತೆಯಲ್ಲಿ ಬಂದರು. ಬಂದೂಕು ಮಾವನವರ ಹೆಗಲ ಮೇಲೇ ಇತ್ತು.

"ಮುಂದಿದ್ದ ದೊಡ್ಡ ಗಂಡು ಬಿತ್ತು. ಒಂದ ಗುಂಡು. ಒದ್ದಾಡ್ಲಿಲ್ಲ," ಎಂದರು ನನಗೆ. ನಾನು ಬೇಡಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ಫಾರೆಸ್ಟಿನವರು ಬಂದು ನೋಡಿ ಹೋದರು. ಉಳಿದ ಹಿಂಡು ಆ ಬೆಳೆ ಮುಗಿಯುವವರೆಗೆ ಇತ್ತ ಸುಳಿಯಲಿಲ್ಲ. ಶೇಂಗಾ ಕಿತ್ತ ದಿನ ಮೊದಲ ಮೊರದಷ್ಟನ್ನು ನೇಮಕಲ್ಲಿಗೆ ಒಯ್ದು ಒಪ್ಪಿಸಿದೆ. ಅತ್ತೆ ಈಗ ತಾವೂ ನನ್ನ ಬಟ್ಟಲಿನ ಮೇಣವನ್ನೇ ಹಣೆಗೆ ಹಚ್ಚುತ್ತಾರೆ. ಗಟ್ಟಿ ಐತಿ, ಎನ್ನುತ್ತಾರೆ.

ಗುಂಡು ಹಾರಿದ ಆ ಸಂಜೆ ಮಾವನವರು ಬಂದೂಕನ್ನು ಒರೆಸಿ ಗೋಡೆಗೆ ನೇತುಹಾಕಿ ಊಟಕ್ಕೆ ಕೂತರು. "ಇನ್ನೊಂದು ರೊಟ್ಟಿ ಹಾಕು ತಂಗೀ," ಎಂದರು. ಅದಾದ ಮೇಲೆ ಮತ್ತೊಂದು.

ನನ್ನ ಗಂಡ ತಲೆ ತಗ್ಗಿಸಿಕೊಂಡೇ ಕೆಣಕಿದರು. "ಅಲ್ಲಪ್ಪಾ, ಸ್ಟೇಷನ್ನಿಗೆ ಯಾವಾಗ ಹೋಗೋದು?"

"ಎಲೆಕ್ಷನ್ ಬರ್ಲಿ," ಎಂದರು ಮಾವನವರು, ರೊಟ್ಟಿ ಮುರಿಯುತ್ತ.