ಬೇಗ ಬಂದ ಲಾರಿ

ನವೆಂಬರ್ 18, ಬೆಳಿಗ್ಗೆ 10.20. ದಾಂಡೇಲಿಯ ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕುಳಿತು ತಿಂಗಳ ಕೈಗಾರಿಕಾ ಸಮೀಕ್ಷೆಯ ನಮೂನೆ ತುಂಬುತ್ತಿದ್ದೆ. ‘ಕಚ್ಚಾಮಾಲು ಕಳೆದ ತಿಂಗಳಿಗಿಂತ ಬೇಗ ಬಂತೇ, ತಡವಾಗಿ ಬಂತೇ?’ ಎಂಬ ಪ್ರಶ್ನೆಗೆ ಬರುವಷ್ಟರಲ್ಲಿ ಹತ್ತಿರದ ರಾಮನಗರದ ಲಾರಿ ಮಾಲೀಕ ಬಸಣ್ಣ ಅಂಟಿನ ಪುಡಿ ಚೀಲಗಳ ಲಾರಿ ತಂದು ನಿಲ್ಲಿಸಿದರು. ಮಾಲು ಬೇಕೆಂದು ನಾನು ಫೋನ್ ಮಾಡಿದ್ದು ಹಿಂದಿನ ಸಂಜೆಯಷ್ಟೇ. ಕಳೆದ ತಿಂಗಳು ಇದೇ ಮಾಲಿಗೆ ಆರು ದಿನ ಕಾದಿದ್ದೆವೆಂದು ನನ್ನ ಡೈರಿಯಲ್ಲಿದೆ.

“ಲಾರಿಗೆ ರೆಕ್ಕಿ ಬಂದಾವೇನ್ರಿ?” ಎಂದೆ.

“ಬ್ಯಾರೆ ಯಾರೂ ಕರ್ಯಾಕತ್ತಿಲ್ಲ ತಂಗಿ. ಹದಿನೈದು ದಿನದಾಗ ನಿಮ್ದೊಂದ ಲೋಡ್. ಹಿಂಗಾದ್ರ ಲಾರಿ ಮಾರೂದ.”

ನಮೂನೆಯಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ‘ಬೇಗ’ ಎಂಬುದಕ್ಕೆ ಗುರುತು ಹಾಕಿದೆ, ಅದು ನಿಜವೇ. ಆದರೆ ಬಸಣ್ಣನ ಈ ‘ಬೇಗ’ವನ್ನು ಲೆಕ್ಕ ಹಾಕುವವರು ಒಳ್ಳೆಯ ಸುದ್ದಿ ಎನ್ನುತ್ತಾರೋ, ಕೆಟ್ಟ ಸುದ್ದಿ ಎನ್ನುತ್ತಾರೋ ನನಗೆ ತಿಳಿಯದು. ತಿಳಿದವರು ಬರೆಯಿರಿ.