ಹೆಸರಿನ ಹಲಗೆ

ಆ ನವಿಲು ಹಸಿರಾಗಿತ್ತು ಎಂದೇ ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಫೋಟೊದಲ್ಲಿ ಅದು ನೀಲಿ. ಫೋಟೊದ ಬಣ್ಣ ಕಾಲ ಕಳೆದಂತೆ ತಿರುಗಿರಬಹುದು, ಇಲ್ಲವೇ ನನ್ನ ತಲೆಯೊಳಗಿನದು ತಿರುಗಿರಬಹುದು. ಯಾವುದು ಮೊದಲು ಕೆಟ್ಟಿತೆಂದು ತಿಳಿಯುವ ದಾರಿ ನನಗೆ ಕಾಣುತ್ತಿಲ್ಲ. ಕೇಕಿನ ಮೇಲೆ ನಾನೇ ಕೂತು ಹಿಂಡಿದ ಗರಿಗಳ ಬಣ್ಣ ನನಗೆ ಗೊತ್ತಿಲ್ಲ. ಆದರೂ ಆ ನವಿಲಿನ ಮುಂದೆ ಇಟ್ಟಿದ್ದ ಸಣ್ಣ ಹಲಗೆಯೊಂದರ ಬಗ್ಗೆ, ಒಬ್ಬ ತಾಯಿ ಕೇಳಿದಾಗ, ಕಣ್ಣಾರೆ ಕಂಡವನಂತೆ ಉತ್ತರ ಕೊಟ್ಟಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಿರಿಯೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂಟಿ ಮನುಷ್ಯ, ಬಾಡಿಗೆ ಮನೆ. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಅಗಲ ಬಾಯಿಯ ಪಾತ್ರೆಗೆ ಮರಳು ತುಂಬಿ, ಸೀಮೆಎಣ್ಣೆ ಸ್ಟೋವಿನ ಮೇಲೆ ಕಾಯಿಸಿ, ಅದರೊಳಗೆ ಡಬ್ಬಿ ಇಟ್ಟು ಕೇಕ್ ಬೇಯಿಸಲು ಶುರು ಮಾಡಿದೆ. ಆಮೇಲೆ ಮುಚ್ಚಳದಲ್ಲಿ ಗಾಜು ಕೂರಿಸಿದ ದುಂಡನೆಯ ಕರೆಂಟ್ ಓವನ್ ಬಂತು. ಗೆಳೆಯರಲ್ಲಿ ಹೆಚ್ಚಿನವರ ಮನೆಯಲ್ಲಿ ಮೊಟ್ಟೆ ಆಗುತ್ತಿರಲಿಲ್ಲ. ಮೊಸರು, ಸೋಡಾ, ಡಬ್ಬಿಯ ಗಟ್ಟಿ ಹಾಲು, ಇವುಗಳ ಅಳತೆ ಕೂಡಿಸಿ ಕಳೆದು ನೋಡುವುದೇ ನನಗೆ ಒಂದು ಪ್ರಯೋಗವಾಗಿತ್ತು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಮೂಲೆ ಕತ್ತರಿಸಿದರೆ ಅದೇ ಐಸಿಂಗ್ ಹಿಂಡುವ ಕೋನ್. ಲಾರಿ ಇಟ್ಟುಕೊಂಡಿದ್ದ ಗೆಳೆಯನ ಮಗನಿಗೆ ತೆಂಗಿನಕಾಯಿ ಲೋಡಿನ ಲಾರಿ ಮಾಡಿಕೊಟ್ಟಿದ್ದೆ. ಇನ್ನೊಬ್ಬನ ಗೃಹಪ್ರವೇಶಕ್ಕೆ ಆ ಮನೆಯನ್ನೇ ಮಾಡಿದ್ದೆ, ಮೆಟ್ಟಿಲು ಸ್ವಲ್ಪ ಕುಸಿದಿತ್ತು.

“ಲೇ, ಎಂಎಸ್ಸಿ ಮಾಡಿದ್ದು ಇದಕ್ಕೇನಲೇ?” ಎಂದು ಗೆಳೆಯರು ರೇಗಿಸುತ್ತಿದ್ದರು. ರೇಗಿಸಿದವರೇ ಮುಂದಿನ ತಿಂಗಳು ಆಕಾರ ಹೇಳಲು ಬರುತ್ತಿದ್ದರು.

ಹೆಸರಿನ ಹಲಗೆ ಹುಟ್ಟಿದ್ದು ಹೊಸದುರ್ಗದಲ್ಲಿ. ಅಲ್ಲಿಯ ಗೆಳೆಯನೊಬ್ಬನ ಮಗನ ಮೊದಲ ಹುಟ್ಟುಹಬ್ಬ. ಕೇಕಿನ ಮೇಲೆ ಮಗುವಿನ ಹೆಸರು ಬರೆದಿದ್ದೆ. ಚಾಕು ಇನ್ನೇನು ತಾಗಬೇಕು, ಗೆಳೆಯನ ತಾಯಿ ಬಂದು ಮಗನ ಕೈ ಹಿಡಿದರು.

“ಕೂಸಿನ ಹೆಸರಿನ ಮ್ಯಾಲೆ ಚಾಕು ಇಕ್ತಿಯೇನಪ್ಪ? ಇಟ್ಟಿರೋ ಹೆಸರು ಅದು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಗೆ ಚಮಚದಲ್ಲಿ ಹೆಸರನ್ನು ಕೆರೆದು ಮಗುವಿಗೇ ತಿನ್ನಿಸಿದೆವು. ಕೇಕಿನ ಮುಖ ಗಾಯವಾದಂತೆ ಕಾಣುತ್ತಿತ್ತು. ಊರಿಗೆ ಮರಳುವಾಗ ಬಸ್ಸಿನಲ್ಲಿ ನಾನು ಯೋಚಿಸಿದ್ದು ನಂಬಿಕೆಯ ಬಗ್ಗೆ ಅಲ್ಲ, ಆ ಗಾಯದ ಬಗ್ಗೆ. ಹೆಸರನ್ನು ಬೇರೆಯಾಗಿಯೇ ಬರೆದು ಮೇಲಿಟ್ಟರೆ? ಗೋಡಂಬಿ ಪುಡಿ, ಸಕ್ಕರೆ ಪಾಕ ಕೂಡಿಸಿ ಬರ್ಫಿಯಂತೆ ತೆಳ್ಳಗೆ ಲಟ್ಟಿಸಿ, ಅದರ ಮೇಲೆ ಹೆಸರು ಬರೆದೆ. ಕತ್ತರಿಸುವ ಮೊದಲು ದೋಸೆ ಮಗುಚುವ ಕೈಯಿಂದ ಅದನ್ನು ಎತ್ತಿ, ಹುಟ್ಟುಹಬ್ಬದ ಮಗುವಿಗೆ ಕೊಟ್ಟುಬಿಡುವುದು. ಅಜ್ಜಿಯಂದಿರಿಗೆ ಸಮಾಧಾನ, ಮಕ್ಕಳಿಗೆ ಖುಷಿ. ಕೆಲವು ಮಕ್ಕಳು ಒಂದೊಂದೇ ಅಕ್ಷರ ನೆಕ್ಕಿ ಮುಗಿಸುತ್ತಿದ್ದವು. ಇನ್ನು ಕೆಲವು ಅದನ್ನು ಪೆಟ್ಟಿಗೆಯಲ್ಲಿಟ್ಟು ಇರುವೆಗೆ ತಿನ್ನಿಸುತ್ತಿದ್ದವು. ನನಗೆ ಅದರಲ್ಲಿ ಯಾವ ನಂಬಿಕೆಯೂ ಇರಲಿಲ್ಲ. ಒಂದು ತೊಡಕನ್ನು ನಾಜೂಕಾಗಿ ಬಿಡಿಸಿದೆ ಎಂಬ ಹೆಮ್ಮೆ ಮಾತ್ರ ಇತ್ತು.

ಹೊಳಲ್ಕೆರೆಯಲ್ಲಿದ್ದವನು ನನ್ನ ಹಾಸ್ಟೆಲಿನ ಜೊತೆಗಾರ. ಅವನಿಗೆ ಒಬ್ಬಳೇ ಮಗಳು. ಅವಳಿಗೆ ಐದು ತುಂಬುವ ಮುಂಚೆ ಅವನು ಅವಳನ್ನು ಜೋಗಿಮಟ್ಟಿ ಕಾಡಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ನವಿಲು ಕಂಡಿತ್ತು. ಕೇಕ್ ಹೇಗಿರಬೇಕೆಂದು ನಾನು ಕೇಳಿದಾಗ ಅವಳು ಅಪ್ಪನ ಬೆನ್ನ ಹಿಂದೆ ನಿಂತೇ ಹೇಳಿದಳು.

“ನವಿಲು. ಕುಂತಿರ್ಬೇಕು. ನಿಂತಿದ್ರೆ ಹಾರಿ ಹೋಗ್ತೈತೆ.”

ಅವಳ ಅಜ್ಜಿ, ಎಂದರೆ ಗೆಳೆಯನ ತಾಯಿ, ಎಲೆ ಅಡಿಕೆ ಹಾಕುತ್ತ ಕೂತಿದ್ದವರು ನನ್ನನ್ನು ಬಿಡಲಿಲ್ಲ. “ಏನಪ್ಪ ಮೇಷ್ಟ್ರೇ, ಹೆಣ್ಣು ನೋಡಾ ಟೈಮಿನಾಗೆ ನವಿಲು ಬೇಯಿಸ್ಕಂಡು ಕುಂತಿದೀಯಲ್ಲ.”

“ನೀವೇ ಒಂದು ನೋಡ್ರಿ ಅಜ್ಜಿ, ಬೇಯಿಸೋದು ಬಿಡ್ತೀನಿ.”

“ನಿನ್ ಕೈಗೆ ಯಾರು ಕೊಡ್ತಾರಪ್ಪ, ಮೈತುಂಬ ಸಕ್ಕರೆ. ಇರುವೆ ಬರ್ತಾವೆ.”

ಹುಟ್ಟುಹಬ್ಬದ ದಿನ ಹಿರಿಯೂರಿನಿಂದ ಚಿತ್ರದುರ್ಗ, ಅಲ್ಲಿ ಬಸ್ಸು ಬದಲಿಸಿ ಹೊಳಲ್ಕೆರೆ. ರಟ್ಟಿನ ಪೆಟ್ಟಿಗೆ ತೊಡೆಯ ಮೇಲೆ, ಹಲಗೆ ಬೇರೆ ಟಿಫಿನ್ ಡಬ್ಬಿಯಲ್ಲಿ. ಕೂತ ನವಿಲು ದಾರಿಯಲ್ಲಿ ಅಲುಗಲಿಲ್ಲ. ಮಗು ಹೇಳಿದ ತರ್ಕ ಸರಿಯಾಗಿಯೇ ಇತ್ತು.

ಸಂಜೆ ನಡುಮನೆಯಲ್ಲಿ ಕೇಕ್ ಇಟ್ಟು, ಅದರ ಮೇಲೆ ನವಿಲಿನ ಮುಂದೆ ಹಲಗೆ ಕೂರಿಸಿದೆ. ಗೆಳೆಯ ಒಂದು ಫೋಟೊ ತೆಗೆದ. ನವಿಲು ನೀಲಿಯಾಗಿ ಕಾಣುವ ಫೋಟೊ ಅದು, ಹಲಗೆಯೂ ಅದರಲ್ಲಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿದರು, ಮಕ್ಕಳೆಲ್ಲ ಸೇರಿ ಊದಿಬಿಟ್ಟವು. “ದೀಪ ಆರಿಸ್ಬ್ಯಾಡ್ರೋ” ಎಂದು ಅಜ್ಜಿ ಕೂಗುವ ಹೊತ್ತಿಗೆ ಕತ್ತಲಾಗಿತ್ತು. ನಗು, ತಳ್ಳಾಟ, ಯಾರದೋ ಅಳು. ಗೆಳೆಯನ ಹೆಂಡತಿ ಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಚಾಕು ಊರಿದರು. ಲಾಟೀನು ಬಂದಾಗ ಎಲ್ಲರ ಬಾಯಲ್ಲೂ ಕೇಕ್ ಇತ್ತು.

ಮಳೆಗಾಲದ ಹೊತ್ತಿಗೆ ಆ ಹುಡುಗಿಗೆ ಜ್ವರ ಬಂತು. ಮೊದಲು ಹೊಳಲ್ಕೆರೆಯಲ್ಲಿ ತೋರಿಸಿದರು, ಆಮೇಲೆ ಚಿತ್ರದುರ್ಗಕ್ಕೆ, ಆಮೇಲೆ ದಾವಣಗೆರೆಗೆ ಕರೆದೊಯ್ದರು. ಜ್ವರ ತಲೆಗೇರಿತ್ತು ಎಂದರು. ಅವಳು ಉಳಿಯಲಿಲ್ಲ.

ನಾನು ಹೋಗಿ ಬಂದೆ. ಏನು ಮಾತಾಡಿದೆನೋ, ಮಾತಾಡಿದೆನೋ ಇಲ್ಲವೋ, ಅದೂ ನೆನಪಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಗೆಳೆಯನ ಹೆಂಡತಿ ಹಿರಿಯೂರಿನ ನನ್ನ ಮನೆ ಬಾಗಿಲಿಗೆ ಬಂದರು. ಅವರ ತವರು ಯಲ್ಲದಕೆರೆ, ಅಲ್ಲಿಗೆ ಹೋಗಲು ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕು. ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಕರೆದರೂ ಬರಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತರು.

“ಅಣ್ಣ, ಒಂದು ಮಾತು ಕೇಳಾಕೆ ಬಂದೆ. ಅವತ್ತು ಹೆಸರಿನ ಹಲಗೆ ತೆಗೆದಿದ್ರಾ?”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಅತ್ತೆ ಹೇಳ್ತಾರೆ, ತೆಗೀಲಿಲ್ಲಂತೆ. ಕತ್ತಲಾಗೆ ನಾನು ಹೆಸರಿನ ಮ್ಯಾಲೇ ಚಾಕು ಹಾಕಿಸಿದ್ನಂತೆ. ಬೈಯಾದಿಲ್ಲಣ್ಣ ಅವರು. ಉಣ್ಣಾಕೆ ಕುಂತಾಗ ಸುಮ್ನೆ ಹೇಳ್ತಾರೆ, ದಿನಾ.”

ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡೆ. ಜ್ವರ ಯಾಕೆ ಬರುತ್ತದೆ, ಸಕ್ಕರೆಯ ಮೇಲೆ ಬರೆದ ಗೆರೆಗೂ ಜೀವಕ್ಕೂ ಯಾಕೆ ನಂಟಿಲ್ಲ, ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

“ಅದು ನಂಗೂ ಗೊತ್ತಣ್ಣ. ನಾನು ಕೇಳಿದ್ದು ತೆಗೆದಿದ್ರಾ ಅಂತ.”

“ತೆಗೆದಿದ್ದೆ ತಾಯಿ. ನಾನೇ ತೆಗೆದೆ.”

“ಎಲ್ಲಿಟ್ರಿ?”

“ಕಿಟಕಿಯಲ್ಲಿ.”

ಅವರು ಸೆರಗು ಸರಿಮಾಡಿಕೊಂಡರು. “ನಡುಮನೆಗೆ ಕಿಟಕಿ ಇಲ್ಲಲ್ಲಣ್ಣ” ಎಂದರು. ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು.

ನಾನು ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣೊಳಗೆ ಆ ಚಿತ್ರ ಸ್ಪಷ್ಟವಾಗಿತ್ತು. ಮಗುಚುವ ಕೈ ಹಲಗೆಯ ಅಡಿಗೆ ಹೋಗುತ್ತದೆ, ಹಲಗೆ ಏಳುತ್ತದೆ, ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಕಿಟಕಿಗೆ ಇಡುತ್ತೇನೆ. ಆದರೆ ಎಷ್ಟು ಮನೆಗಳಲ್ಲಿ ಎಷ್ಟು ಸಲ ಆ ಕೆಲಸ ಮಾಡಿದ್ದೆ. ಇದು ಯಾವ ಮನೆಯ ಕಿಟಕಿ? ಅದರಾಚೆ ಹಗಲಿನ ಬೆಳಕಿತ್ತು. ಹೊಳಲ್ಕೆರೆಯಲ್ಲಿ ಆಗ ಕತ್ತಲಾಗಿತ್ತಲ್ಲ.

ಮುಂದಿನ ಭಾನುವಾರ ಹೊಳಲ್ಕೆರೆಗೆ ಹೋದೆ. ಗೆಳೆಯ ಒಬ್ಬನೇ ನಡುಮನೆಯಲ್ಲಿ ಕೂತಿದ್ದ. ಹೆಂಡತಿ ತವರಿನಿಂದ ಬರುವುದಿಲ್ಲ ಎಂದಿದ್ದರು. ಗೋಡೆಗಳನ್ನು ನೋಡಿದೆ. ಕಿಟಕಿ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ದೀಪ ಇಡುವ ಗೂಡೊಂದಿತ್ತು, ಒಂದು ತಟ್ಟೆ ಹಿಡಿಯುವಷ್ಟು. ಗೂಡನ್ನೇ ಕಿಟಕಿ ಎಂದು ನೆನಪಿಟ್ಟುಕೊಂಡಿದ್ದರೆ?

“ಅವತ್ತು ಹಲಗೆ ತೆಗೆದದ್ದು ನೀನು ನೋಡಿದ್ಯಾ?” ಎಂದು ಕೇಳಿದೆ.

“ನೀನೂ ಶುರು ಮಾಡ್ಬ್ಯಾಡಲೇ” ಎಂದ. ಒಳಗೆ ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಆ ದಿನ ನನ್ನನ್ನು ಅವರು ರೇಗಿಸಲಿಲ್ಲ. ನಾನೂ ಅವರನ್ನು ಕೇಳಲಿಲ್ಲ. ಅವರಿಗೂ ಏನಾದರೊಂದು ಕಾರಣ ಬೇಕಾಗಿತ್ತು, ಸಿಕ್ಕಿದ್ದನ್ನು ಹಿಡಿದುಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ.

ಅದೇ ವಾರ ಯಲ್ಲದಕೆರೆಗೆ ಹೋದೆ. ಗೂಡಿನ ವಿಷಯ ಹೇಳಿದರೆ ಅವರ ಮನಸ್ಸು ಹಗುರಾಗಬಹುದು, ಗಂಡನ ಮನೆಗೆ ಮರಳಬಹುದು ಎಂಬ ಆಸೆ. ದಾರಿಯುದ್ದಕ್ಕೂ ಆ ಮಾತನ್ನು ಒಪ್ಪ ಮಾಡಿಕೊಂಡೆ. ಎಷ್ಟು ಸಲ ಹೇಳಿಕೊಂಡೆನೆಂದರೆ, ಬಸ್ಸು ಇಳಿಯುವ ಹೊತ್ತಿಗೆ ಕಣ್ಣ ಮುಂದೆ ಗೂಡೇ ಬರುತ್ತಿತ್ತು, ಅದರೊಳಗೆ ತಟ್ಟೆಯೂ ಹಲಗೆಯೂ ಕಾಣುತ್ತಿದ್ದವು. ನೆನಪು ಹೀಗೆ ನನ್ನ ಕಣ್ಣೆದುರೇ ತಯಾರಾಗುತ್ತಿತ್ತು. ಅದನ್ನು ನೋಡಿಯೂ ನಾನು ನಿಲ್ಲಿಸಲಿಲ್ಲ.

ಅವರು ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದರು. “ಬರ್ರಿ ಅಣ್ಣ, ಕುಂತ್ಕಳ್ರಿ” ಎಂದು ಚಾಪೆ ಹಾಸಿದರು. ನಾನು ಗೂಡಿನ ವಿಷಯ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ತೆಗೆದಿದ್ರೆ ಅವಳ ಕೈಗೇ ಕೊಡ್ತಿದ್ರಿ ಅಲ್ವಾ? ಎಲ್ಲಾ ಮಕ್ಕಳಿಗೂ ಹಂಗೇ ಕೊಡ್ತಿದ್ರಿ.”

“ಹೌದು.”

“ಅವಳ ಪೆಟ್ಟಿಗೆ ಹುಡುಕಿದೆ, ಬ್ಯಾಗು ಹುಡುಕಿದೆ. ತಿಂದಿರ್ತಾಳೆ ಅನ್ಕಂಡೆ. ಆದ್ರೆ ಅಣ್ಣ, ಒಂದು ಬಳಪ ಸಿಕ್ಕಿದ್ರೂ ಓಡಿ ಬಂದು ತೋರಿಸೋಳು. ತನ್ನ ಹೆಸರು ಬರೆದಿದ್ದನ್ನ ನಂಗೆ ತೋರಿಸ್ದೆ ತಿಂತಿದ್ಲಾ?”

ನನ್ನ ಬಳಿ ಇದ್ದ ಗೂಡು, ತಟ್ಟೆ, ಮಗುಚುವ ಕೈ ಎಲ್ಲ ಖಾಲಿಯಾದವು. “ನೆನಪಿಲ್ಲ ತಾಯಿ” ಎಂದೆ. “ತೆಗೆದೆನೋ ಇಲ್ಲವೋ, ನನಗೆ ನಿಜವಾಗಿ ಗೊತ್ತಿಲ್ಲ.”

ಆಗ ಅವರ ಕೈ ನಿಂತಿತು. ಅಲ್ಲಿಯತನಕ ನನ್ನ ಮುಖ ನೋಡದಿದ್ದವರು ಈಗ ನೋಡಿದರು.

“ಚಾಕು ಹಿಡಿದೋಳು ನಾನು. ಏನಾದ್ರೂ ಗಟ್ಟಿಯಾದ್ದು ತಗುಲಿದ್ರೆ ಕೈಗೆ ಗೊತ್ತಾಗ್ಬೇಕಿತ್ತು. ನಂಗೂ ಗೊತ್ತಿಲ್ಲಣ್ಣ. ಅವಳ ಕೈ ಬೆಚ್ಚಗಿತ್ತು. ಅಷ್ಟೇ ನೆನಪೈತೆ.”

ಸಿಪ್ಪೆಯನ್ನು ಮೊರದಿಂದ ಪಕ್ಕಕ್ಕೆ ಸುರಿದು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. “ಕುಡಿದು ಹೊರಡ್ರಿ. ಈ ಬಸ್ಸು ತಪ್ಪಿದ್ರೆ ಸಂಜೆತನಕ ಇಲ್ಲ” ಎಂದರು. ಕುಡಿದು ಲೋಟ ಕೆಳಗಿಟ್ಟೆ. ಅವರು ಮತ್ತೆ ಶೇಂಗಾ ಬಿಡಿಸಲು ಕೂತಿದ್ದರು. ಹೊಳಲ್ಕೆರೆಗೆ ಅವರು ಮರಳಲಿಲ್ಲ.