ಯಜಮಾನರು ಕಾರು ಬಿಚ್ಚಿದ್ದು

ಬೆಳಿಗ್ಗೆಯಿಂದ ಪಕ್ಕದ ಮನೆಯ ಸೀಮೆಎಣ್ಣೆ ವಾಸನೆ ನಮ್ಮ ಅಡುಗೆಮನೆವರೆಗೂ ಬರ್ತಾ ಇದೆ. ಆ ಮನೆಯಾತ ಹಳೇ ಕಾರೊಂದನ್ನು ಕೊಂಡು ಈಗ ಅದರ ಕೆಳಗೆ ಮಲಗಿದ್ದಾನೆ. ಕಾಲು ಮಾತ್ರ ಕಾಣುತ್ತದೆ. ನನಗೆ ಅಷ್ಟು ಕಂಡರೆ ಸಾಕು. ಕಾರಿನಡಿಯಿಂದ ಗಂಡಸಿನ ಕಾಲು ಹೊರಗೆ ಚಾಚಿಕೊಂಡಿದ್ದರೆ ಆ ಮನೆ ಹೆಂಗಸಿನ ಪಾಡೇನು ಅನ್ನೋದರ ಮೇಲೆ ನಾನು ಭಾಷಣವನ್ನೇ ಮಾಡಬಲ್ಲೆ.

ಆಗ ಯುದ್ಧದ ಕಾಲ. ನಮ್ಮ ಯಜಮಾನರು ಶಿವಮೊಗ್ಗದಲ್ಲಿ ವಕೀಲರು. ಕಾಫಿ ತೋಟದ ದೊರೆಯೊಬ್ಬ ಮಾರಿದ ಕಾರು ನಮ್ಮ ಅಂಗಳಕ್ಕೆ ಬಂದಿತ್ತು. ದೊರೆ ಯಾಕೆ ಮಾರಿದ ಅನ್ನೋದು ಭದ್ರಾವತಿ ದಾರಿ ಅರ್ಧ ಮುಗಿಯುವಷ್ಟರಲ್ಲಿ ತಿಳಿಯುತ್ತಿತ್ತು: ಮುಂದಿನ ಎರಡೂ ಚಕ್ರ ಚಳಿಜ್ವರ ಬಂದವರ ಹಾಗೆ ನಡುಗುತ್ತಿದ್ದವು.

ಗ್ಯಾರೇಜಿನವನಿಗೆ ತೋರಿಸಿ ಅಂದೆ.

"ಅವನಿಗೇನು ಗೊತ್ತು? ನಾನು ಪುಸ್ತಕ ತರಿಸಿದ್ದೀನಿ," ಅಂದರು.

ಪುಸ್ತಕದ ಪ್ರಕಾರ ತಪ್ಪೆಲ್ಲ ಕಿಂಗ್ ಪಿನ್ನಿನದು. ಹೆಸರು ಕೇಳಿ ಕಿರೀಟವಾದರೂ ಇರುತ್ತೇನೋ ಅಂದುಕೊಂಡಿದ್ದೆ. ನೋಡಿದರೆ ಚಕ್ರ ಅತ್ತಿತ್ತ ತಿರುಗೋದಕ್ಕೆ ಆಧಾರವಾದ ಹೆಬ್ಬೆರಳು ಗಾತ್ರದ ಕಬ್ಬಿಣದ ಗೂಟ, ಅಷ್ಟೆ. ಅದನ್ನು ತೆಗೆಯಲು ಕಾರಿನ ಮೂತಿ ಎತ್ತಬೇಕಂತೆ. ಎತ್ತಿ ನನ್ನ ಒರಳುಕಲ್ಲಿನ ಮೇಲೆ ಕೂರಿಸಿದರು. ಅಲ್ಲಿಗೆ ಮನೆಯಲ್ಲಿ ರುಬ್ಬೋದು ನಿಂತಿತು. "ಸ್ವಲ್ಪ ದಿನ ಸಾರು ಅನ್ನ ಸಾಕು ಮಾರಾಯ್ತಿ," ಅಂತ ಉದಾರವಾಗಿ ಅಪ್ಪಣೆಯಾಯಿತು. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಸೀಮೆಎಣ್ಣೆ ಸ್ನಾನ, ನನ್ನ ಹುಳಿ ಪಾತ್ರೆಯಲ್ಲಿ. ಒಂದು ದಿನ, ಒಂದರ ಮೇಲೊಂದು ಬಿಗಿದಿದ್ದ ಸ್ಪ್ರಿಂಗ್ ಪಟ್ಟಿಗಳ ಕಟ್ಟು ಸಡಿಲಿಸಿದರು. ಒಂದು ಪಟ್ಟಿ ಠಣ್ಣನೆ ಹಾರಿ ನೀರಿನ ಹಂಡೆಗೆ ಬಡಿಯಿತು. ಹಂಡೆ ಜಜ್ಜಿಹೋಯಿತು. ಯಜಮಾನರ ಮುಖ ಅರಳಿತು.

"ನೋಡಿದ್ಯಾ? ಸ್ಪ್ರಿಂಗು ಇನ್ನೂ ಗಟ್ಟಿ ಇದೆ!"

ಆ ಸಂಭ್ರಮದ ನಡುವೆ ಭದ್ರಾವತಿಯಿಂದ ಅಪ್ಪನ ಪಕ್ಕದ ಮನೆಯವರು ಬಂದರು. ಅಪ್ಪ ಅಲ್ಲಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. "ಜ್ವರ ಇಳೀತಾನೇ ಇಲ್ಲಮ್ಮ, ನಿನ್ನನ್ನೇ ಕೇಳ್ತಿದ್ದಾರೆ," ಅಂತ ಹೇಳಿ ಅವರು ಸಾಗರದ ಕಡೆ ಹೊರಟುಹೋದರು.

"ಸಂಜೆಯೊಳಗೆ ಜೋಡಿಸಿಬಿಡ್ತೀನಿ, ಕಾರಲ್ಲೇ ಹೋಗೋಣ," ಅಂದರು ಇವರು.

"ರೈಲಿದೆಯಲ್ಲ ರೀ. ಇಬ್ಬರೂ ಹೋಗೋಣ."

"ಇಷ್ಟೆಲ್ಲ ಬಿಚ್ಚಿಟ್ಟು ಹೇಗೆ ಬರಲಿ? ಒಂದು ನಟ್ಟು ಕಳೆದುಹೋದರೆ?"

"ಹಾಗಾದರೆ ನಾನೊಬ್ಬಳೇ ಹೋಗ್ತೀನಿ."

"ವಕೀಲರ ಹೆಂಡತಿ ಒಬ್ಬಳೇ ರೈಲು ಹತ್ತಿದಳು ಅಂದರೆ ಜನ ಏನಂತಾರೆ?"

ಕಾದೆ. ಮರುದಿನ ಬೆಳಿಗ್ಗೆ ನೋಡಿದರೆ ಜೋಡಿಸಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿಯಾಗಿತ್ತು. ಎರಡು ಸೀರೆ ಚೀಲಕ್ಕೆ ತುರುಕಿ, ಕಾರಿನ ಕೆಳಗಿದ್ದ ಕಾಲುಗಳಿಗೆ "ಹೋಗ್ಬರ್ತೀನಿ" ಅಂದೆ. ಕಾಲುಗಳು "ಹ್ಞೂಂ" ಅಂದವು.

ಟಿಕೆಟ್ ಕಿಂಡಿಯ ಮುಂದೆ ನಿಂತೆ. "ಭದ್ರಾವತಿ" ಅಂದೆ, ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೈಲಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಭದ್ರಾವತಿ ಬಂದೇಬಿಟ್ಟಿತು. ನಮ್ಮ ಕಾರಿನ ದಯೆಯಿಂದ ನಾನು ಅದನ್ನು ಕಾಶಿಯಷ್ಟು ದೂರ ಅಂದುಕೊಂಡಿದ್ದೆ.

ಅಪ್ಪ ಕಣ್ಣು ಬಿಟ್ಟರು. "ಕಾರಲ್ಲಿ ಬಂದ್ಯಾ?"

"ಇಲ್ಲಪ್ಪ, ರೈಲಲ್ಲಿ. ಒಬ್ಬಳೇ."

"ಟಿಕೆಟ್ ನೀನೇ ತಗೊಂಡ್ಯಾ?" ಬತ್ತಿದ ಮುಖದ ತುಂಬ ನಗು. ನೋಡೋಕೆ ಬಂದವರಿಗೆಲ್ಲ ಅದನ್ನೇ ಹೇಳಿದರು: "ನನ್ನ ಮಗಳು ಒಬ್ಬಳೇ ಬಂದಳು." ಎರಡು ದಿನ ಹಾಗೆ ಹೇಳುತ್ತಲೇ ಇದ್ದು, ಆಮೇಲೆ ಹೋಗಿಬಿಟ್ಟರು.

ಸುದ್ದಿ ತಿಳಿದು ಯಜಮಾನರು ಓಡಿಬಂದರು, ರೈಲಿನಲ್ಲಿ. ಉಗುರಿನಲ್ಲಿ ಗ್ರೀಸಿತ್ತು. ಏನೋ ಹೇಳಲು ಹೋಗಿ ಅತ್ತರು. ಸಮಾಧಾನ ಹೇಳುವಷ್ಟು ಒಳ್ಳೆಯತನ ಆ ದಿನ ನನ್ನಲ್ಲಿರಲಿಲ್ಲ.

ಕರ್ಮವೆಲ್ಲ ಮುಗಿದ ಮೇಲೆ ಶಿವಮೊಗ್ಗಕ್ಕೆ ಹೋಗಿ ಕಾರು ಜೋಡಿಸಿ, ನನ್ನನ್ನು ಕರೆದೊಯ್ಯಲು ಕಾರಿನಲ್ಲೇ ಬಂದರು. "ಬಾ, ಈಗ ಚೂರೂ ನಡುಗಲ್ಲ."

"ಸಂತೋಷ. ನೀವು ಅದರಲ್ಲಿ ಬನ್ನಿ. ನಾನು ರೈಲಲ್ಲಿ ಬರ್ತೀನಿ."

"ಜನ ಏನಂತಾರೆ?"

"ಅಪ್ಪ ಅಂದದ್ದನ್ನೇ ಅನ್ನಲಿ."

ನಾನು ಮನೆ ಸೇರಿ ಅಡುಗೆ ಮುಗಿಸಿದ ಮೇಲೆ ಅವರು ಬಂದರು. ಸ್ಟೀರಿಂಗ್ ಹಿಡಿದ ಕೈ ಇನ್ನೂ ಅದುರುತ್ತಿತ್ತು. "ರಸ್ತೆ ಸರಿಯಿಲ್ಲ," ಅಂದರು. ಬಡಿಸಿದೆ. ಅರ್ಧ ಊಟದಲ್ಲಿ, ತಲೆ ಎತ್ತದೆ, "ನನ್ನ ಮಾತು ಕೇಳಿ ನೀನು ಕಾದಿದ್ದಿದ್ದರೆ..." ಅಂದವರು ಮತ್ತೆ ಅನ್ನ ಕಲಸತೊಡಗಿದರು.

ಇಷ್ಟು ವರ್ಷ ಈ ಕತೆಯನ್ನು ನಗು ಬರುವಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಅವರು ಎದುರಿಗೇ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಈಗ ಅವರಿಲ್ಲ. ಕೊನೆಯವರೆಗೆ ಹೇಳಿದ್ದು ಇದೇ ಮೊದಲು, ನಿಮಗೆ.